ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ಮೂರು ಹೆಸರು, ಒಂದು ತಾರೀಖು

ಪೇಟೆಯ ಮೆಸ್ಸಮ್ಮ
ಏಪ್ರಿಲ್ 28, ರಾತ್ರಿ 11:50

ಪುಣೆಯ ಸದಾಶಿವ ಪೇಟೆಯಲ್ಲಿ ಹದಿನಾರು ವರ್ಷಗಳಿಂದ ಊಟದ ಮೆಸ್ ನಡೆಸುತ್ತಿದ್ದೇನೆ. ಊರು ಇಂಡಿ ತಾಲ್ಲೂಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಭಾನುವಾರ ಮಧ್ಯಾಹ್ನ ಹೋಳಿಗೆ, ರಾತ್ರಿ ಮೆಸ್ ಬಂದ್. ಬರುವವರಲ್ಲಿ ಮುಕ್ಕಾಲು ಪಾಲು ಎಂ.ಪಿ.ಎಸ್.ಸಿ., ಅಂದರೆ ಮಹಾರಾಷ್ಟ್ರ ಸರಕಾರಿ ನೌಕರಿಯ ಪರೀಕ್ಷೆಗೆ ಓದುವ ಮಕ್ಕಳು. ಯಾರು ಪಾಸಾದರು, ಯಾರಿಗೆ ಮನೆಯಿಂದ ಹಣ ಬಂದಿಲ್ಲ ಎಂಬುದು ಅವರು ಎಷ್ಟನೆಯ ರೊಟ್ಟಿಗೆ ಕೈ ತೊಳೆದರು ಎಂಬುದರಲ್ಲೇ ನನಗೆ ಗೊತ್ತಾಗುತ್ತದೆ. ಹಾಗೆಂದು ಬೀಗುತ್ತಿದ್ದವಳು ನನ್ನ ಮನೆಯೊಳಗಿನ ಹುಡುಗನ ವಿಷಯದಲ್ಲಿ ಎಡವಿದ್ದೇನೆ.

ತಮ್ಮನ ಮಗ. ಇಪ್ಪತ್ತಮೂರು ವರ್ಷ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಚಾಕಣದ ಒಂದು ಕಾರ್ಖಾನೆಯಲ್ಲಿ ತರಬೇತಿಗೆ ಸೇರಿದ, ಏಳು ತಿಂಗಳಿಗೆ ಬಿಟ್ಟ, ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆ ಎನ್ನುತ್ತಾನೆ. ಹಗಲೆಲ್ಲ ಹತ್ತಿರದ ಅಭ್ಯಾಸಿಕೆಯಲ್ಲಿ, ಅಂದರೆ ಬಾಡಿಗೆಯ ಓದುವ ಕೋಣೆಯಲ್ಲಿ, ತಿಂಗಳ ಲೆಕ್ಕದ ಕುರ್ಚಿ. ರಾತ್ರಿ ನಮ್ಮ ಮನೆಯಲ್ಲೇ ಮಲಗುತ್ತಾನೆ. ಸಂಜೆ ನನ್ನ ಉದ್ರಿ ಪುಸ್ತಕ ಬರೆದುಕೊಡುವುದು ಅವನ ಕೆಲಸ. ಅಕ್ಷರ ಮುತ್ತಿನಂತಿದೆ, ಕೂಡಿಸುವುದರಲ್ಲಿ ಒಂದು ರೂಪಾಯಿ ತಪ್ಪಿಲ್ಲ.

ಅಭ್ಯಾಸಿಕೆಯಲ್ಲಿ ಸೊಲ್ಲಾಪುರದ ಒಬ್ಬ ಹುಡುಗಿ ಓದುತ್ತಾಳೆ. ಮನೆಮಾತು ಕನ್ನಡ, ಊಟ ನಮ್ಮಲ್ಲೇ. ಡಿಸೆಂಬರಿನಲ್ಲಿ ಇವನು ಅವಳಿಗೆ ಮನಸ್ಸು ಹೇಳಿಕೊಂಡನಂತೆ, ಅವಳು ಬೇಡವೆಂದಳಂತೆ. ನಡೆದದ್ದು ಇಷ್ಟೇ. ಹದಿನೈದು ದಿನ ಮುಖ ಇಳಿಬಿಟ್ಟುಕೊಂಡು ತಿರುಗಿದ. ಈ ವಯಸ್ಸಿನಲ್ಲಿ ಸಹಜ ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ಇಳಿಬಿದ್ದ ಮುಖ ಗಟ್ಟಿಯಾಯಿತು. ಒಂದು ದಿನ ನನ್ನ ಹೊಲಿಗೆಯ ಟೇಪು ಕಾಣೆಯಾಗಿ ಹುಡುಕಿದರೆ, ಬಚ್ಚಲಿನ ಕನ್ನಡಿಯ ಮುಂದೆ ನಿಂತು ಅದರಿಂದ ದವಡೆ ಅಳೆದುಕೊಳ್ಳುತ್ತಿದ್ದಾನೆ! ನನಗೆ ನಗು ಬಂತು. ಅವನು ನಗಲಿಲ್ಲ. ಇನ್ನೊಂದು ರಾತ್ರಿ ಊಟಕ್ಕೆ ಕುಳಿತವರ ಎದುರಿಗೇ, "ಹೆಂಗಸರು ಲೆಕ್ಕ ಹಾಕಿಯೇ ಪ್ರೀತಿಸುತ್ತಾರೆ, ಅದು ವಿಜ್ಞಾನ" ಎಂದ. "ನಾನೂ ಹೆಂಗಸೇ ಕಣಪ್ಪ, ರೊಟ್ಟಿಗೂ ಲೆಕ್ಕ ಹಾಕುತ್ತೇನೆ" ಎಂದೆ. ಎಲ್ಲರೂ ನಕ್ಕರು. "ನೀವು ಬೇರೆ ಬಿಡಿ ಅತ್ತೆ" ಎಂದು ತಟ್ಟೆ ಬಿಟ್ಟು ಎದ್ದು ಹೋದ. ಎರಡೇ ರೊಟ್ಟಿಗೆ.

ಕಳೆದ ಭಾನುವಾರ ಖಾಲಿ ಹಾಳೆ ಬೇಕಾಗಿ ಉದ್ರಿ ಪುಸ್ತಕವನ್ನು ಹಿಂದಿನಿಂದ ತೆರೆದೆ. ಕೊನೆಯ ಪುಟದಲ್ಲಿ ಗೆರೆ ಎಳೆದು ಮೂರು ಹುಡುಗಿಯರ ಹೆಸರು. ಒಬ್ಬಳು ಕಾಲೇಜಿನವಳಿರಬೇಕು, ಒಬ್ಬಳು ಚಾಕಣದ ಕಾರ್ಖಾನೆಯಲ್ಲಿ ತರಬೇತಿ ಕೊಡುತ್ತಿದ್ದ ಮೇಡಂ, ಮೂರನೆಯವಳು ಈ ಹುಡುಗಿ. ಒಂದೊಂದು ಹೆಸರಿನ ಮುಂದೆಯೂ ದಿನಾಂಕ. ನಮಗೆ ಬರಬೇಕಾದ ಹಣ ಬರೆಯುವ ಕೊನೆಯ ಕಾಲಂನಲ್ಲಿ ಮೂವರಿಗೂ 'ಬಾಕಿ' ಎಂದು ಬರೆದು ಅಡಿಗೆರೆ ಹಾಕಿದ್ದಾನೆ. ಕೆಳಗೆ ಬೇರೆ ಶಾಯಿಯಲ್ಲಿ 'ಮೇ 23', ಪಕ್ಕದಲ್ಲಿ ಒಂದು ನಕ್ಷತ್ರ. ಅಂದು ಪರೀಕ್ಷೆ ಇಲ್ಲ, ಹಬ್ಬವಿಲ್ಲ, ನಮ್ಮ ಮನೆಯಲ್ಲಿ ಯಾರ ಹುಟ್ಟುಹಬ್ಬವೂ ಅಲ್ಲ.

2023ರ ಜೂನ್ 27ರಂದು ಇದೇ ಪೇಟೆಯಲ್ಲಿ, ಹಗಲು ಹೊತ್ತಿನಲ್ಲಿ, ಒಬ್ಬ ಹುಡುಗ ಕೊಯ್ತಾ (ಮಚ್ಚು) ಹಿಡಿದು ಹುಡುಗಿಯನ್ನು ಅಟ್ಟಿಸಿಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಪರೀಕ್ಷೆಗೆ ಓದುವ ಹುಡುಗರೇ ಅಡ್ಡ ಬಿದ್ದು ಅವಳನ್ನು ಉಳಿಸಿದರು. ಅಂದು ಮಧ್ಯಾಹ್ನ ನನ್ನ ಮೆಸ್ಸಿನಲ್ಲಿ ಒಬ್ಬರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಅದಕ್ಕೇ ನನಗೆ ಹೆದರಿಕೆ. ತಮ್ಮನಿಗೆ ಫೋನ್ ಮಾಡಿದರೆ, "ಅಕ್ಕಾ, ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ" ಎನ್ನುತ್ತಾನೆ. ಆ ಪುಟ ಹರಿದು ಒಲೆಗೆ ಹಾಕಲೇ? ಅವನನ್ನು ಕೇಳಲೇ? ಪೊಲೀಸರ ಬಳಿ ಹೋದರೆ ಹುಡುಗನ ಜೀವನ ಹಾಳಾಗುವುದಿಲ್ಲವೇ? ಅವನಂತೂ ಈಗ ಮೊಬೈಲ್ ಬಿಟ್ಟು ಯಾರ ಮುಖವನ್ನೂ ನೋಡುವುದಿಲ್ಲ. ಆ ಹುಡುಗಿಯೂ ಊಟಕ್ಕೆ ಬರುತ್ತಿಲ್ಲ, ಮುಂಗಡ ಕೊಟ್ಟ ತಿಂಗಳಿನಲ್ಲಿ ಇನ್ನೂ ಹನ್ನೊಂದು ದಿನ ಬಾಕಿಯಿದ್ದಾಗಲೇ ನಿಲ್ಲಿಸಿದಳು.

ಡೊಂಬಿವಲಿ ಹೋಟೆಲ್
ಏಪ್ರಿಲ್ 29, ಬೆಳಿಗ್ಗೆ 6:15

ಅಕ್ಕಾ, ನಿಮ್ಮ ತಮ್ಮ ಹೇಳಿದ್ದೇ ಸರಿ. ನಮ್ಮ ಹೋಟೆಲಿನಲ್ಲಿ ಹನ್ನೆರಡು ಹುಡುಗರಿದ್ದಾರೆ, ಎಲ್ಲರಿಗೂ ಒಂದೊಂದು ಪ್ರೇಮಭಂಗ. ಮೊಬೈಲ್ ಕಿತ್ತುಕೊಳ್ಳಿ, ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಹಿಟ್ಟು ರುಬ್ಬಲು ನಿಲ್ಲಿಸಿ, ತಿಂಗಳಲ್ಲಿ ಭೂತ ಬಿಡುತ್ತದೆ. ಹೆಸರು ಬರೆದ ಮಾತ್ರಕ್ಕೆ ಯಾರೂ ಕೊಲೆಗಾರರಾಗುವುದಿಲ್ಲ.

ರಾತ್ರಿಪಾಳಿ
ಏಪ್ರಿಲ್ 29, ಬೆಳಿಗ್ಗೆ 9:40

ಮೆಸ್ಸಮ್ಮ, ಪುಟ ಹರಿಯಬೇಡಿ. ಆ ತಾರೀಖು ನನಗೆ ಗೊತ್ತು.

ನಾನೂ ಪುಣೆಯವನೇ. ಒಂದು ಗುತ್ತಿಗೆ ಕಂಪನಿಯಲ್ಲಿ ಮೂರು ವರ್ಷ ರಾತ್ರಿಪಾಳಿ ಮಾಡಿದೆ. ಸಾಮಾಜಿಕ ಜಾಲತಾಣದಲ್ಲಿ ಯಾರಾದರೂ ದೂರು ಕೊಟ್ಟ ಬರಹ, ಚಿತ್ರ, ವಿಡಿಯೊಗಳನ್ನು ನೋಡಿ ಇಡಬೇಕೋ ತೆಗೆಯಬೇಕೋ ಎಂದು ಗುಂಡಿ ಒತ್ತುವ ಕೆಲಸ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ನನ್ನ ಪಾಲಿಗೆ ಬರುತ್ತಿದ್ದವು. ಮೇ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಮೇಲ್ವಿಚಾರಕರು ಮೊದಲೇ ಎಚ್ಚರಿಸುತ್ತಿದ್ದರು.

2014ರ ಮೇ 23ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ವಿಶ್ವವಿದ್ಯಾಲಯದ ಪಕ್ಕದ ಇಸ್ಲಾ ವಿಸ್ಟಾ ಎಂಬ ಊರಿನಲ್ಲಿ, ಇಪ್ಪತ್ತೆರಡು ವರ್ಷದವನೊಬ್ಬ ಆರು ಜನರನ್ನು ಕೊಂದ. ಹದಿನಾಲ್ಕು ಜನ ಗಾಯಗೊಂಡರು. ಹೆಣ್ಣುಮಕ್ಕಳು ತನ್ನನ್ನು ಒಪ್ಪಲಿಲ್ಲ, ಅದಕ್ಕೆ ಶಿಕ್ಷೆ ಕೊಡುತ್ತೇನೆ ಎಂದು ವಿಡಿಯೊ ಮಾಡಿ ಹಾಕಿದ್ದ. ಅವನ ಹೆಸರು ಬರೆಯುವುದಿಲ್ಲ, ಅದನ್ನು ಜಪಿಸುವವರು ಬೇಕಾದಷ್ಟಿದ್ದಾರೆ. ಆದರೆ ಸತ್ತವರ ಲೆಕ್ಕ ನೋಡಿ: ಆರರಲ್ಲಿ ನಾಲ್ವರು ಗಂಡಸರು. ಮೊದಲ ಮೂವರು ಅವನ ಮನೆಯಲ್ಲೇ ಚಾಕುವಿಗೆ ಬಲಿಯಾದರು, ಜೊತೆಯಲ್ಲಿ ವಾಸವಿದ್ದ ಇಬ್ಬರು ಮತ್ತು ಅವರ ಒಬ್ಬ ಗೆಳೆಯ. ಆಮೇಲೆ ಅವನು ಬಂದೂಕು ಹಿಡಿದು ವಿದ್ಯಾರ್ಥಿನಿಯರ ವಸತಿಗೃಹದ ಬಾಗಿಲು ತಟ್ಟಿದ, ಯಾರೂ ತೆರೆಯಲಿಲ್ಲ. ಹೊರಗೆ ಸಿಕ್ಕವರ ಮೇಲೆ ಗುಂಡು ಹಾರಿಸಿದ. ದ್ವೇಷ ಹೆಣ್ಣಿನ ಹೆಸರಿನಲ್ಲಿ ಶುರುವಾದರೂ ಅದರ ಎದುರಿಗೆ ಯಾರು ಸಿಗುತ್ತಾರೋ ಹೇಳಲಾಗದು.

ಅವನು ನೂರಮೂವತ್ತಕ್ಕೂ ಹೆಚ್ಚು ಪುಟಗಳ ಜೀವನಕಥೆ ಬರೆದಿಟ್ಟಿದ್ದ. ಕೆಲಸದ ಕಾರಣಕ್ಕೆ ಅದರ ತುಂಡುಗಳನ್ನು ಎಷ್ಟೋ ಸಲ ಓದಬೇಕಾಗಿ ಬಂತು. ಅದು ಉದ್ರಿ ಪುಸ್ತಕವೇ. ಇಂಥ ವರ್ಷ ಇಂಥ ಹುಡುಗಿ ನೋಡಲಿಲ್ಲ, ಇಂಥವಳು ನಕ್ಕಳು, ಇಂಥವನಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲ. ಸಾಲ ಕೊಟ್ಟವನು ತಾನೇ, ಬರೆದವನೂ ತಾನೇ. ಸಾಲಗಾರರಿಗೆ ತಮ್ಮ ಹೆಸರು ಆ ಪುಸ್ತಕದಲ್ಲಿದೆ ಎಂಬುದೇ ತಿಳಿಯದು.

ಇಂಥ ಹುಡುಗರು ಸೇರುವ ಜಾಗಗಳಲ್ಲಿ ತಮ್ಮನ್ನು 'ಇನ್ಸೆಲ್' ಎಂದು ಕರೆದುಕೊಳ್ಳುತ್ತಾರೆ. ಬಯಸಿದರೂ ಸಂಗಾತಿ ಸಿಗದವರು ಎಂದು ಅರ್ಥ. ವಿಚಿತ್ರ ನೋಡಿ, ಆ ಮಾತಿನ ಮೂಲ ಕೆನಡಾದ ಒಬ್ಬ ವಿದ್ಯಾರ್ಥಿನಿ. 1990ರ ದಶಕದ ಕೊನೆಯಲ್ಲಿ ಅವಳು ಒಂಟಿತನದ ದುಃಖ ಹಂಚಿಕೊಳ್ಳಲು ಗಂಡು ಹೆಣ್ಣು ಎಲ್ಲರಿಗೂ ಒಂದು ಜಾಲತಾಣ ತೆರೆದಿದ್ದಳು. ಆ ಪದವೇ ಮುಂದೆ ಯಾರ ಕೈಗೆ ಹೋಯಿತೋ ನೋಡಿ. ಹುಡುಗರು ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ನಾನು ಕಂಡಂತೆ ಮೊದಲು ವ್ಯಾಯಾಮದ ವಿಡಿಯೊ, ಆಮೇಲೆ ಮುಖ ಸುಂದರವಾಗಿಸುವ ವಿಡಿಯೊ, ಆಮೇಲೆ ದವಡೆಯ ಅಳತೆ. (ನಿಮ್ಮ ಹೊಲಿಗೆಯ ಟೇಪಿನ ಸುದ್ದಿ ಓದಿ ನನ್ನ ಹೊಟ್ಟೆ ತೊಳಸಿತು.) ಇಷ್ಟು ಮಿಲಿಮೀಟರ್ ಕಡಿಮೆ ಇದ್ದರೆ ಈ ಜನ್ಮದಲ್ಲಿ ಯಾವ ಹೆಣ್ಣೂ ನೋಡುವುದಿಲ್ಲ ಎಂದು ಅಲ್ಲಿ ತೀರ್ಪು ಕೊಡುತ್ತಾರೆ. ಅದಕ್ಕೆ 'ಬ್ಲ್ಯಾಕ್‌ಪಿಲ್' ನುಂಗುವುದು ಎನ್ನುತ್ತಾರೆ, ಆಸೆಯನ್ನು ಪೂರ್ತಿ ಬಿಟ್ಟುಬಿಡುವ ಗುಳಿಗೆ. ಆಸೆ ಬಿಟ್ಟವರಲ್ಲಿ ಹೆಚ್ಚಿನವರು ಮನೆಯಲ್ಲೇ ಕೊಳೆಯುತ್ತಾರೆ, ತಮಗೇ ಹಾನಿ ಮಾಡಿಕೊಳ್ಳುತ್ತಾರೆ. ಒಬ್ಬಿಬ್ಬರು ಮಾತ್ರ ಬಾಕಿ ವಸೂಲಿಗೆ ಹೊರಡುತ್ತಾರೆ. ಹಾಗೆ ಹೊರಟವನನ್ನು ಅಲ್ಲಿ 'ಸಂತ' ಎಂದು ಕರೆಯುತ್ತಾರೆ. ಮೇ 23 ಅವರ ಪಾಲಿಗೆ ಜಯಂತಿ.

2018ರ ಏಪ್ರಿಲ್ 23ರಂದು ಟೊರಾಂಟೊದಲ್ಲಿ ಒಬ್ಬ ಬಾಡಿಗೆಯ ವ್ಯಾನನ್ನು ಪಾದಚಾರಿ ಮಾರ್ಗದ ಮೇಲೆ ಓಡಿಸಿದ. ಅಂದೇ ಹತ್ತು ಜನ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು 2021ರಲ್ಲಿ ತೀರಿಕೊಂಡರು. ಹೊರಡುವ ಮುನ್ನ ಫೇಸ್‌ಬುಕ್ಕಿನಲ್ಲಿ ಕ್ಯಾಲಿಫೋರ್ನಿಯಾದವನಿಗೆ ಜೈಕಾರ ಹಾಕಿದ್ದ. ವಿಚಾರಣೆ ನಡೆಸಿದ ನ್ಯಾಯಾಧೀಶೆ 2021ರ ತೀರ್ಪಿನಲ್ಲಿ ಅವನ ಹೆಸರನ್ನೇ ಬರೆಯಲಿಲ್ಲ, ಅನಾಮಿಕನೆಂದು ಕರೆದರು. ಅವನಿಗೆ ತತ್ವಕ್ಕಿಂತ ಕುಖ್ಯಾತಿಯ ಹಸಿವು ದೊಡ್ಡದಾಗಿತ್ತು ಎಂದು ಅವರಿಗೆ ಕಂಡಿತ್ತು. ನನ್ನ ಮೂರು ವರ್ಷದ ಅನುಭವವೂ ಅದೇ. ಸಿದ್ಧಾಂತ ಪುಸ್ತಕದ ರಟ್ಟು ಮಾತ್ರ, ಒಳಗಿರುವುದು ಲೆಕ್ಕ.

ಹೆಸರು ಬರೆದ ಮಾತ್ರಕ್ಕೆ ಕೊಲೆಗಾರನಾಗುವುದಿಲ್ಲ ಎಂದ ಹೋಟೆಲಿನವರ ಮಾತು ನಿಜ. ಆದರೆ ದಾಳಿ ಮಾಡುವವರು ಮೊದಲೇ ಎಲ್ಲೋ ಒಂದು ಕಡೆ ಬಾಯಿ ಬಿಟ್ಟಿರುತ್ತಾರೆ. ಬೆದರಿಕೆಗಳನ್ನು ಅಧ್ಯಯನ ಮಾಡುವವರು ಅದನ್ನು 'ಸೋರಿಕೆ' ಎನ್ನುತ್ತಾರೆ. ಅಮೆರಿಕದ ಸೀಕ್ರೆಟ್ ಸರ್ವಿಸ್ ಇಲಾಖೆ 2021ರಲ್ಲಿ, ನಡೆಯುವ ಮೊದಲೇ ತಡೆಯಲಾದ 67 ಶಾಲಾ ದಾಳಿಯ ಸಂಚುಗಳನ್ನು ಪರಿಶೀಲಿಸಿತ್ತು. ಹೆಚ್ಚಾಗಿ ಅವನ್ನು ತಡೆದದ್ದು ಸುಳಿವು ಸಿಕ್ಕಾಗ ದೊಡ್ಡವರ ಬಳಿ ಹೋಗಿ ಹೇಳಿದ ಸಹಪಾಠಿಗಳು. ಉದ್ರಿ ಪುಸ್ತಕದ ಕೊನೆಯ ಪುಟ ಒಂದು ಸೋರಿಕೆ. ನೀವು ದಿನವೂ ತೆರೆಯುವ ಪುಸ್ತಕದಲ್ಲೇ ಏಕೆ ಬರೆದ? ನನಗೆ ಗೊತ್ತಿಲ್ಲ, ಆದರೆ ಯೋಚಿಸಿ.

ಈಗ ನೋಡಬೇಕಾದದ್ದು ಅವನು ಮಾತಿನಿಂದ ಕೆಲಸಕ್ಕೆ ಇಳಿದಿದ್ದಾನೆಯೇ ಎಂಬುದನ್ನು. ಹತ್ಯಾರ ಏನಾದರೂ ತಂದಿಟ್ಟಿದ್ದಾನೆಯೇ, ಆ ಹುಡುಗಿಯ ಹಾದಿ ಕಾಯುತ್ತಿದ್ದಾನೆಯೇ, ಪ್ರೀತಿಯ ವಸ್ತುಗಳನ್ನು ಹಂಚುತ್ತಿದ್ದಾನೆಯೇ, ಮೇ 23ರ ನಂತರದ ಯಾವುದಕ್ಕಾದರೂ ಅರ್ಜಿ ಹಾಕಿದ್ದಾನೆಯೇ. ಇದರಲ್ಲಿ ಒಂದು ಕಂಡರೂ ಇಲ್ಲಿ ಬರೆಯುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ.

ಡೊಂಬಿವಲಿ ಹೋಟೆಲ್
ಏಪ್ರಿಲ್ 29, ಮಧ್ಯಾಹ್ನ 3:30

ಇವೆಲ್ಲ ಅಮೆರಿಕ, ಕೆನಡಾದ ಕಥೆ. ಅಲ್ಲಿ ಬಂದೂಕು ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಮೊಬೈಲ್ ಬರುವವರೆಗೆ ಇಂಥದ್ದೆಲ್ಲ ಎಲ್ಲಿತ್ತು?

ಬೋರಿವಲಿ ವಕೀಲೆ
ಏಪ್ರಿಲ್ 29, ರಾತ್ರಿ 10:05

ಹೋಟೆಲಿನವರೇ, ವ್ಯಾನಿಗೆ ಬಂದೂಕು ಬೇಕಾಗಲಿಲ್ಲ. 2013ರ ಮೇ ತಿಂಗಳಲ್ಲಿ ಬಾಂದ್ರಾ ಟರ್ಮಿನಸ್‌ನಲ್ಲಿ, ನೌಕಾಪಡೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಲು ರೈಲಿನಿಂದ ಇಳಿದ ಹುಡುಗಿಯ ಮೇಲೆ ಆ್ಯಸಿಡ್ ಎರಚಿದವನಿಗೂ ಬೇಕಾಗಲಿಲ್ಲ. ಅವನು ಅವಳ ಊರಿನ ನೆರೆಮನೆಯವನು. ಅವಳು ಒಂದು ತಿಂಗಳು ನರಳಿ ಸತ್ತಳು. ನಮ್ಮಲ್ಲಿ ಇದು ಹೆಚ್ಚಾಗಿ ಒಬ್ಬಳ ಕೊಲೆಯಲ್ಲಿ ಮುಗಿಯುತ್ತದೆ ಎಂಬುದು ಕೈಗೆ ಸಿಗುವ ಹತ್ಯಾರದ ಮಾತು, ಮನಸ್ಸಿನ ಮಾತಲ್ಲ. 2024ರಲ್ಲಿ ಹುಬ್ಬಳ್ಳಿಯಲ್ಲಿ ಒಂದೇ ತಿಂಗಳ ಅಂತರದಲ್ಲಿ ಇಬ್ಬರು ಹುಡುಗಿಯರು ಚಾಕುವಿಗೆ ಬಲಿಯಾದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ಮೊಬೈಲಿನ ಮೇಲೂ ಪೂರ್ತಿ ಹೊರೆ ಹೊರಿಸಬೇಡಿ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್ ನಗರದ ಎಂಜಿನಿಯರಿಂಗ್ ಕಾಲೇಜಿಗೆ ನುಗ್ಗಿದವನು ತರಗತಿಯಲ್ಲಿ ಗಂಡುಮಕ್ಕಳನ್ನು ಹೊರಗೆ ಕಳುಹಿಸಿ ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿದ. ಅಂದು ಹದಿನಾಲ್ಕು ಮಹಿಳೆಯರು ಸತ್ತರು. ಅವನ ಜೇಬಿನಲ್ಲಿದ್ದ ಪತ್ರದಲ್ಲಿ ಇನ್ನೂ ಹತ್ತೊಂಬತ್ತು ಮಹಿಳೆಯರ ಹೆಸರುಗಳ ಪಟ್ಟಿ ಇತ್ತು. ಆ ಕಾಲೇಜಿನಲ್ಲಿ ಅವನಿಗೆ ಪ್ರವೇಶ ಸಿಕ್ಕಿರಲಿಲ್ಲ. ಆಗ ಯಾರ ಕೈಯಲ್ಲೂ ಅಂತರ್ಜಾಲ ಇರಲಿಲ್ಲ. ಪಟ್ಟಿ ಬರೆಯುವ ಕೈ ಹಳೆಯದು. ಈಗ ಬರೆದ ಕೂಡಲೇ ಭಲೇ ಎನ್ನುವ ಸಾವಿರ ಜನ ಸಿಗುತ್ತಾರೆ, ಹೊಸದು ಅಷ್ಟೇ. ಭಲೇ ಎನ್ನುವವರೆಲ್ಲ ಪ್ರೇಮಭಂಗವಾದ ಒಂಟಿ ಹುಡುಗರೂ ಅಲ್ಲ. 2022ರ ಜನವರಿ 1ರಂದು ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಚಿತ್ರ ಹಾಕಿ 'ಹರಾಜು' ಎಂದು ಆಟವಾಡಿದ ಬುಲ್ಲಿ ಬಾಯಿ ಪ್ರಕರಣದಲ್ಲಿ ಮುಂಬೈ ಸೈಬರ್ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಇಪ್ಪತ್ತೊಂದರ ಹುಡುಗನಿದ್ದ, ಹದಿನೆಂಟರ ಒಬ್ಬ ಹುಡುಗಿಯೂ ಇದ್ದಳು.

ಮೆಸ್ಸಮ್ಮ, ಈಗ ನಿಮಗೆ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ನೀವು ಅಷ್ಟು ಉದ್ದ ಬರೆದಿರಿ, ಹುಡುಗನ ದವಡೆ, ಹುಡುಗನ ಅಕ್ಷರ, ಹುಡುಗನ ಭವಿಷ್ಯ. ಆ ಹುಡುಗಿಯ ಸುದ್ದಿ ಕೊನೆಯ ಒಂದು ಸಾಲಿನಲ್ಲಿದೆ. ಪರೀಕ್ಷೆಗೆ ಓದುವ, ಮನೆಯಿಂದ ಎಣಿಸಿ ಹಣ ತರಿಸುವ ಹುಡುಗಿ ಹನ್ನೊಂದು ದಿನದ ಊಟದ ಹಣ ಬಿಟ್ಟು ಏಕೆ ಹೋದಳು? ಎಷ್ಟನೆಯ ರೊಟ್ಟಿಗೆ ಕೈ ತೊಳೆದರು ಎಂದು ಎಣಿಸುವ ನೀವು ಇದನ್ನು ಎಣಿಸಲಿಲ್ಲ. ತನ್ನ ಹೆಸರು ಪಟ್ಟಿಯಲ್ಲಿದೆ ಎಂದು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ಅವಳಿಗಿದೆ. ನಾಳೆಯೇ ಹೋಗಿ ಹೇಳಿ. ಚಾಕಣದ ಆ ಮೇಡಂಗೂ ತಿಳಿಸಬೇಕು.

ಕಾನೂನಿನ ಮಾತು. ಬೇಡವೆಂದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು, ಅವಳು ಜಾಲತಾಣದಲ್ಲಿ ಏನು ಮಾಡುತ್ತಾಳೆಂದು ಕಾಯುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿ ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ ಶಿಕ್ಷೆ, ಜಾಮೀನು ಸಿಗುತ್ತದೆ. ಎರಡನೆಯ ಸಲ ಐದು ವರ್ಷದವರೆಗೆ, ಜಾಮೀನು ಸುಲಭವಲ್ಲ. ದೂರು ಕೊಡಬೇಕೋ ಬೇಡವೋ ಎಂಬುದನ್ನು ಅವಳೇ ತೀರ್ಮಾನಿಸಲಿ, ಅವಳ ಪರವಾಗಿ ನೀವು ದೊಡ್ಡಮನಸ್ಸು ಮಾಡಬೇಡಿ. ಪುಸ್ತಕ ಜೋಪಾನ, ಅದು ಸಾಕ್ಷ್ಯ. ಪುಟದ ಫೋಟೊ ತೆಗೆದು ಇನ್ನೊಬ್ಬರ ಬಳಿಯೂ ಇರಿಸಿ.

ನಿಮ್ಮ ಮೇಲೂ ನಿಗಾ ಇರಲಿ. 2021ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಇಂಥದ್ದೇ ಮಾತುಗಳನ್ನು ವಿಡಿಯೊದಲ್ಲಿ ಆಡುತ್ತಿದ್ದ ಇಪ್ಪತ್ತೆರಡರ ಹುಡುಗ ಐವರನ್ನು ಕೊಂದ. ಮೊದಲು ಸತ್ತವಳು ಅವನ ತಾಯಿ. ಮೂರು ವರ್ಷದ ಮಗುವೂ ಸತ್ತಿತು. ಹೊಡೆದಾಟದ ದೂರಿನ ಮೇಲೆ ವಶಪಡಿಸಿಕೊಂಡಿದ್ದ ಬಂದೂಕನ್ನು ಪೊಲೀಸರು ಆ ಜುಲೈನಲ್ಲಷ್ಟೇ ಅವನಿಗೆ ಮರಳಿಸಿದ್ದರು. ಇದು ಹೆದರಿಸಲು ಹೇಳಿದ್ದಲ್ಲ, 'ನೀವು ಬೇರೆ ಬಿಡಿ ಅತ್ತೆ' ಎಂಬ ಮಾತನ್ನು ನಂಬಿ ಒಬ್ಬರೇ ಅವನೊಂದಿಗೆ ಜಗಳಕ್ಕೆ ನಿಲ್ಲಬೇಡಿ ಎಂದು ಹೇಳಿದ್ದು.

ವಾಸ್ಕೋ ವೆಲ್ಡರ್
ಏಪ್ರಿಲ್ 30, ರಾತ್ರಿ 12:20

ನಾನು ಬರೆಯುವುದು ಕಡಿಮೆ. ಆದರೆ ಇಲ್ಲಿ ಯಾರೂ ಆ ಹುಡುಗನ ಜಾಗದಲ್ಲಿ ಕುಳಿತವರಿಲ್ಲ, ನಾನು ಕುಳಿತಿದ್ದೆ. ಗದಗಿನವನು, ಗೋವಾಕ್ಕೆ ಬಂದು ಒಂಬತ್ತು ವರ್ಷ. 2019ರಿಂದ ಸುಮಾರು ಎರಡು ವರ್ಷ ಅಂಥ ಗುಂಪಿನಲ್ಲಿದ್ದೆ. ಕೆಲಸ ಮುಗಿಸಿ ಕೋಣೆಗೆ ಬಂದು ಬೆಳಗಿನ ಮೂರರವರೆಗೆ ಅದೇ. ಹುಡುಗಿಯರ ಮೇಲಿನ ಸಿಟ್ಟು ಆಮೇಲಿನ ಮಾತು, ಮೊದಲು ನನ್ನನ್ನು ಹಿಡಿದಿಟ್ಟದ್ದು ಅಲ್ಲಿ ಸಿಗುತ್ತಿದ್ದ ಜೊತೆ. ಬೆಳಗಾವಿಯ ಕಡೆಯ ಒಬ್ಬ ದಿನವೂ "ಊಟವಾಯಿತೇ" ಎಂದು ಕೇಳುತ್ತಿದ್ದ. ವಾಸ್ಕೋದಲ್ಲಿ ನನ್ನನ್ನು ಹಾಗೆ ಕೇಳುವವರು ಒಬ್ಬರೂ ಇರಲಿಲ್ಲ.

ಒಂದು ರಾತ್ರಿ ಅವನು ಸಾಯುತ್ತೇನೆ ಎಂದು ಬರೆದ. ಗುಂಪಿನಲ್ಲಿ ನೂರಾರು ಜನರಿದ್ದರು. ಬೇಡ ಎಂದವರು ಇಬ್ಬರು. ಉಳಿದವರು ನಗುವಿನ ಚಿತ್ರ ಹಾಕಿದರು, ಒಬ್ಬ "ಹೋಗುವಾಗ ನಾಲ್ಕು ಜನರನ್ನು ಕರೆದುಕೊಂಡು ಹೋಗು" ಎಂದು ಬರೆದ. ಆ ಸಾಲನ್ನು ನಾನು ಇಂದಿಗೂ ಮರೆತಿಲ್ಲ. ಅವನ ಹೆಸರು, ಊರು ಏನೂ ಗೊತ್ತಿರದೆ ಯಾರಿಗೆ ಹೇಳಲಿ ಎಂದು ರೈಲು ಹಳಿಯ ಪಕ್ಕ ಬೆಳಗಿನವರೆಗೆ ನಡೆದೆ. ಅವನು ಮತ್ತೆ ಬರೆಯಲಿಲ್ಲ. ನಾನು ಆ ಗುಂಪು ಬಿಟ್ಟೆ.

ಹೋಟೆಲಿನ ಅಣ್ಣ ಹೇಳಿದಂತೆ ಮೊಬೈಲ್ ಒಮ್ಮೆಲೇ ಕಿತ್ತುಕೊಳ್ಳಬೇಡಿ. ಅವನಿಗೆ ಉಳಿದಿರುವ ಜನ ಅದರೊಳಗೇ ಇದ್ದಾರೆ ಎಂದು ಅವನು ನಂಬಿದ್ದಾನೆ. ವಾದವನ್ನೂ ಮಾಡಬೇಡಿ, ಪ್ರತಿ ಮಾತಿಗೂ ಅವನ ಬಳಿ ಅಲ್ಲಿಂದ ತಂದ ಒಂದು ಅಂಕಿಅಂಶದ ಚಿತ್ರವಿದೆ. ಅವನ ತಂದೆಯನ್ನು ಕರೆಸಿ. ಫೋನಿನಲ್ಲಲ್ಲ, ಎದುರಿಗೆ. ಇಬ್ಬರೂ ಕೂತು, "ಈ ಪುಟ ನೋಡಿದ್ದೇವೆ, ಮೇ 23ಕ್ಕೆ ಏನು ಮಾಡಬೇಕೆಂದಿದ್ದೀ?" ಎಂದು ನೇರವಾಗಿ ಕೇಳಿ. ಸಾಯುವ ಯೋಚನೆ ಇದೆಯೇ ಎಂದೂ ಕೇಳಿ. ಕೇಳಿದರೆ ಹೊಳೆಯದ್ದು ಹೊಳೆಯುತ್ತದೆ ಎಂಬ ಭಯ ಬೇಡ. ಟೆಲಿಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತನಾಡಬಹುದು. ನಾನು ಅದಕ್ಕೆ ಕರೆ ಮಾಡಿದ್ದು 2023ರಲ್ಲಿ, ತಡವಾಗಿ.

ಪೇಟೆಯ ಮೆಸ್ಸಮ್ಮ
ಮೇ 4, ರಾತ್ರಿ 11:30

ವಕೀಲಮ್ಮನ ಮಾತಿಗೆ ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಆ ಹುಡುಗಿಯ ಕೋಣೆಗೆ ಹೋದೆ. ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ, ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಬಾಗಿಲನ್ನು ಸರಪಳಿ ಹಾಕಿಯೇ ತೆರೆದಳು. ನನ್ನ ಹಿಂದೆ ಮೆಟ್ಟಿಲ ಕಡೆ ನೋಡಿದ ಮೇಲೆಯೇ ಸರಪಳಿ ತೆಗೆದದ್ದು.

ಜನವರಿಯಿಂದ ನಾಲ್ಕು ಬೇರೆ ಬೇರೆ ಸಂಖ್ಯೆಗಳಿಂದ ಸಂದೇಶ ಬರುತ್ತಿವೆಯಂತೆ. ಮೊದಲಿನವು ಗೋಳು, ನಡುವಿನವು ಬೈಗುಳ, ಈಚಿನವುಗಳಲ್ಲಿ ಬೈಗುಳವೂ ಇಲ್ಲ. "ಇಂದು ಹಸಿರು ಓಢಣಿ." "ಇಂದು ಪೆರುಗೇಟಿನ ಕಡೆಯಿಂದ ಬಂದೆ." ಅದನ್ನು ಓದುವಾಗ ನನ್ನ ಕೈ ನಡುಗಿತು. "ನನಗೆ ಏಕೆ ಹೇಳಲಿಲ್ಲ?" ಎಂದು ಕೇಳಿದೆ. "ಅವನು ನಿಮ್ಮ ಮನೆಯವನಲ್ಲವೇ ಮಾವಶಿ" ಎಂದಳು. ಹತ್ತು ತಿಂಗಳು ನನ್ನ ಕೈಯ ಊಟ ಮಾಡಿದ ಹುಡುಗಿ.

ಅವಳ ತಂದೆ ಸೊಲ್ಲಾಪುರದಿಂದ ಬಂದರು. ಠಾಣೆಯಲ್ಲಿ ದೂರು ಕೊಡುವಾಗ ನಾನೂ ಜೊತೆಗಿದ್ದೆ, ಪುಸ್ತಕ ತೋರಿಸಿದೆ. ಪೊಲೀಸರು ಪುಟದ ಫೋಟೊ ತೆಗೆದುಕೊಂಡು ಪುಸ್ತಕ ನಿಮ್ಮಲ್ಲೇ ಜೋಪಾನವಾಗಿರಲಿ ಎಂದರು. ಚಾಕಣದ ಮೇಡಂಗೆ ಅವರೇ ಫೋನ್ ಮಾಡಿದರು. ತಮ್ಮನಿಗೆ ನಾನು ಬರೀ "ನಾಳೆ ಬಾ" ಎಂದೆ, ಕಾರಣ ಹೇಳಲಿಲ್ಲ. ಕಾರಣ ಹೇಳಿದ್ದರೆ ಅವನು ಹೆಣ್ಣು ನೋಡುತ್ತಾ ಕೂರುತ್ತಿದ್ದ.

ಕೇಳಿದೆವು, ವಾಸ್ಕೋದ ತಮ್ಮ ಹೇಳಿದಂತೆಯೇ, ಅದೇ ಮಾತಿನಲ್ಲಿ. ಹುಡುಗ ಬಹಳ ಹೊತ್ತು ನೆಲ ನೋಡಿದ. "ಅಂದು ಏನು ಮಾಡಬೇಕೆಂದು ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ" ಎಂದ. 'ಪೂರ್ತಿ' ಎಂದನಲ್ಲ, ನನ್ನ ತಮ್ಮ ಅಲ್ಲೇ ಕುಸಿದು ಕುಳಿತ. ಹಾಸಿಗೆಯ ಕೆಳಗೆ ಹುಡುಕಿದೆವು. ನನ್ನ ಅಡುಗೆಮನೆಯ ಸೋರೆಕಾಯಿ ಹೆಚ್ಚುವ ಚೂರಿ, ಪತ್ರಿಕೆಯಲ್ಲಿ ಸುತ್ತಿಟ್ಟದ್ದು. ಮಾರ್ಚಿನಿಂದ ಕಾಣೆಯಾಗಿತ್ತು. ಪಾತ್ರೆ ತೊಳೆಯುವ ಹೆಂಗಸಿನ ಮೇಲೆ ಅನುಮಾನಪಟ್ಟು ನಾನು ಅವಳಿಗೆ ಮಾತು ಅಂದಿದ್ದೆ.

ಅದನ್ನೂ ಪೊಲೀಸರಿಗೆ ಕೊಟ್ಟೆವು. ಹುಡುಗ ಈಗ ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿದ್ದಾನೆ, ನನ್ನ ತಮ್ಮ ಅವನ ಪಕ್ಕದಲ್ಲೇ ಮಲಗುತ್ತಾನೆ. ಪ್ರಕರಣ ಅದರ ಹಾದಿಯಲ್ಲಿದೆ. ನನ್ನೊಂದಿಗೆ ಅವನು ಮಾತನಾಡುವುದಿಲ್ಲ.

ರಾತ್ರಿಪಾಳಿ
ಮೇ 5, ಬೆಳಿಗ್ಗೆ 8:10

ಪಾತ್ರೆ ತೊಳೆಯುವವರ ಬಳಿ ಕ್ಷಮೆ ಕೇಳಿದಿರಾ?

ಪೇಟೆಯ ಮೆಸ್ಸಮ್ಮ
ಮೇ 5, ಬೆಳಿಗ್ಗೆ 8:25

ಕೇಳಿದೆ. ಒಂದು ಸೀರೆಯನ್ನೂ ಕೊಟ್ಟೆ. ಸೀರೆ ತೆಗೆದುಕೊಂಡಳು, ಕ್ಷಮಿಸಿದೆ ಎಂದು ಹೇಳಲಿಲ್ಲ.

ಪೇಟೆಯ ಮೆಸ್ಸಮ್ಮ
ಮೇ 24, ಬೆಳಿಗ್ಗೆ 5:10

ನಿನ್ನೆಯ ದಿನ ಕಳೆಯಿತು. ಹುಡುಗ ಆಸ್ಪತ್ರೆಯಿಂದ ಇಂಡಿಗೆ ಹೋಗಿ ಆರು ದಿನವಾಯಿತು, ಹದಿನೈದು ದಿನಕ್ಕೊಮ್ಮೆ ವೈದ್ಯರಿಗೆ ತೋರಿಸಬೇಕು, ಠಾಣೆಗೂ ಬರಬೇಕು. ತಮ್ಮ ನಿನ್ನೆ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದ. ಹೊಲದಲ್ಲಿದ್ದಾನೆ, ಮಲಗಿದ್ದಾನೆ, ಊಟ ಮಾಡಿದ, ಮೂರು ರೊಟ್ಟಿ. ಅವನು ಇಂಡಿಯಲ್ಲಿದ್ದಾನೆ ಎಂದು ಗೊತ್ತಿದ್ದೂ ನಾನು ದಿನವಿಡೀ ಮೆಸ್ಸಿನ ಬಾಗಿಲಿಗೆ ಮುಖಮಾಡಿ ನಿಂತೇ ರೊಟ್ಟಿ ಬಡಿದೆ.

ಹಳೆಯ ಉದ್ರಿ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಹೊಸದಕ್ಕೆ ನಾನೇ ಲೆಕ್ಕ ಇಳಿಸುತ್ತಿದ್ದೇನೆ, ನನ್ನ ಅಕ್ಷರ ಕೋಳಿ ಕೆದರಿದಂತಿದೆ. ಸೊಲ್ಲಾಪುರದ ಹುಡುಗಿ ಅಭ್ಯಾಸಿಕೆ ಬದಲಿಸಿದಳು, ಪೇಟೆ ಬಿಡಲಿಲ್ಲ. ಮೆಸ್ಸಿಗೆ ಬರುವುದಿಲ್ಲ. ಹನ್ನೊಂದು ದಿನದ ಹಣ ವಾಪಸ್ ಕೊಡಲು ಹೋದರೆ ಬೇಡವೆಂದಳು. ಡಬ್ಬಿ ಕಳುಹಿಸಲೇ ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಅವಳ ಹೆಸರು ಬರೆದು ನನ್ನ ಕಡೆಯಿಂದ ಹನ್ನೊಂದು ದಿನ ಎಂದು ಬರೆದುಕೊಂಡಿದ್ದೇನೆ. 'ಬಾಕಿ' ಎಂಬ ಪದ ಬರೆಯಲು ಕೈ ಬರಲಿಲ್ಲ.